ಮಗಳ ಮುಟ್ಟು ನಿಂತಿದೆ ಎಂದು ಬರೆದ ಗೆಳೆಯನಿಗೆ

ಮೈಸೂರು

ಪ್ರೀತಿಯ ಗೆಳೆಯಾ,

ನಿನ್ನ ಕಾಗದ ತಲುಪಿತು. ಓದಿನ ಒತ್ತಡದಲ್ಲಿರುವ ಮಗಳಿಗೆ ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ, ಐದು ದಿನದ ಮಾತ್ರೆ ನುಂಗಿದರೂ ಬರಲಿಲ್ಲ, ಈಗ ತಿಂಗಳುಗಟ್ಟಲೆ ಹಾರ್ಮೋನ್ ಮಾತ್ರೆ ಅನ್ನುತ್ತಿದ್ದಾರೆ, ಅದಿಲ್ಲದೆ ದಾರಿಯಿಲ್ಲವೇ ಎಂದು ಕೇಳಿದ್ದೀಯ. ಇದೆ. ಮಂಡ್ಯದಲ್ಲಿ ಕೂತು ಒಬ್ಬ ಅಪ್ಪ ಇದನ್ನು ನಾಚದೆ ಬರೆದು ಕೇಳಿದನಲ್ಲ, ಅರ್ಧ ಕೆಲಸ ಅಲ್ಲೇ ಆಯಿತು.

ಮೊದಲು, ಇದು ಒತ್ತಡದಿಂದಲೇ ಆದದ್ದು ಎಂದು ಖಚಿತವಾಗಬೇಕು. ಮೂರು ತಿಂಗಳು ಮುಟ್ಟು ನಿಂತರೆ ಪರೀಕ್ಷೆ ಮಾಡಿಸಲೇಬೇಕು. ಶುರುವಾಗುವುದು ಗರ್ಭದ ಪರೀಕ್ಷೆಯಿಂದ. ಅದಕ್ಕೆ ನೀನು ಮುಖ ಸಿಂಡರಿಸಬೇಡ. ಅದು ಮಗಳ ಮೇಲಿನ ಅನುಮಾನವಲ್ಲ, ಯಾರು ಬಂದರೂ ಮಾಡುವ ಮೊದಲ ಕೆಲಸ. ಡಾಕ್ಟರು ಅವಳೊಬ್ಬಳನ್ನೇ ಕೂರಿಸಿ ಮಾತಾಡಲಿ, ನೀವಿಬ್ಬರೂ ಹೊರಗಿರಿ. ಆಮೇಲೆ ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡ್ ನೋಡಲು), ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನ್), ಎಫ್‌ಎಸ್‌ಎಚ್, ಎಲ್‌ಎಚ್ (ಅಂಡಾಶಯವನ್ನು ನಡೆಸಲು ಮೆದುಳಿನ ಕಡೆಯಿಂದ ಬರುವ ಹಾರ್ಮೋನ್‌ಗಳು), ಎಸ್ಟ್ರಡಯಾಲ್ (ಅಂಡಾಶಯ ಮಾಡುವ ಮುಖ್ಯ ಈಸ್ಟ್ರೋಜನ್). ಈ ರಕ್ತವನ್ನು ಹಾರ್ಮೋನ್ ಮಾತ್ರೆ ಶುರುಮಾಡುವ ಮುಂಚೆಯೇ ಕೊಡಬೇಕು. ಶುರುವಾದ ಮೇಲೆ ಕೊಟ್ಟರೆ ಬರುವ ಸಂಖ್ಯೆ ಅವಳದಲ್ಲ, ಮಾತ್ರೆಯದು. ಒತ್ತಡದಿಂದ ನಿಂತಿದ್ದರೆ ಎಸ್ಟ್ರಡಯಾಲ್ ಕಡಿಮೆ ಇರುತ್ತದೆ, ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಕಡಿಮೆ ಅಥವಾ ಸಾಧಾರಣ. ಎಫ್‌ಎಸ್‌ಎಚ್ ಏರಿದ್ದರೆ ತೊಂದರೆ ಅಂಡಾಶಯದ್ದೇ, ಆ ಕಥೆ ಬೇರೆ. ಜೊತೆಗೆ ಬಿಡದ ತಲೆನೋವು, ಕಣ್ಣು ಮಂಜು, ಎದೆಯಲ್ಲಿ ಹಾಲು ಜಿನುಗುವುದು ಇದ್ದರೆ ತಡಮಾಡಬೇಡ.

ಐದು ದಿನದ ಮಾತ್ರೆಗೆ ಮುಟ್ಟು ಬರಲಿಲ್ಲ ಅಂದೆಯಲ್ಲ, ಅದೇ ಒಂದು ಸುಳಿವು. ಪ್ರೊಜೆಸ್ಟರಾನ್ ಜಾತಿಯ ಆ ಮಾತ್ರೆ ಗರ್ಭಕೋಶದಲ್ಲಿ ಈಗಾಗಲೇ ಬೆಳೆದಿರುವ ಪದರವನ್ನು ಉದುರಿಸುತ್ತದೆ ಅಷ್ಟೇ. ಪದರ ಬೆಳೆಸಲು ಈಸ್ಟ್ರೋಜನ್ ಬೇಕು. ಅದೇ ಸಾಲದಿದ್ದರೆ ಉದುರುವುದೇನು? ದಿನವೂ ನುಂಗುವ ಮಾತ್ರೆಯಲ್ಲಿ ಈಸ್ಟ್ರೋಜನ್ನೂ ಇರುವುದರಿಂದ ತಿಂಗಳಿಗೊಮ್ಮೆ ರಕ್ತ ಕಾಣುತ್ತದೆ, ಆದರೆ ಅದು ಮಾತ್ರೆ ಬರಿಸಿದ ರಕ್ತ. ಒಳಗಿನ ತೊಂದರೆ ಹಾಗೇ ಇರುತ್ತದೆ, ಮನೆಯವರಿಗೆ ಮಾತ್ರ ಸಮಾಧಾನ.

ನಿಜವಾಗಿ ನಿಂತಿರುವುದು ಮೆದುಳಿನಲ್ಲಿ. ಹೈಪೋಥಲಾಮಸ್ ಎಂಬ ಭಾಗ ಒಂದು, ಒಂದೂವರೆ ಗಂಟೆಗೊಮ್ಮೆ ಕಳಿಸುವ ಸಂಕೇತದಿಂದ ಅಂಡಾಶಯ ನಡೆಯುತ್ತದೆ. ಊಟ ಸಾಲದು, ನಿದ್ದೆ ಇಲ್ಲ, ದಿನವಿಡೀ ಭಯ ಎಂದಾಗ ಮೈ ಉಳಿತಾಯಕ್ಕಿಳಿದು ಆ ಸಂಕೇತವನ್ನು ನಿಧಾನ ಮಾಡುತ್ತದೆ. ನಿನ್ನ ಕಾಗದದಲ್ಲಿ ಇಂಥವೇ ಇವೆ: ಪಿಜಿಯಲ್ಲಿ ಬೆಳಗಿನ ತಿಂಡಿ ಬಿಟ್ಟು ಬರೀ ಕಾಫಿ, ರಾತ್ರಿ ಒಂದರವರೆಗೆ ಓದು, ತೂಕ ಇಳಿಸಲೆಂದು ದಿನಾ ಕುಕ್ಕರಹಳ್ಳಿ ಕೆರೆ ಸುತ್ತ ಓಟ. ಆರು ಕೆಜಿ ಇಳಿದಿದ್ದಾಳೆ.

ಔಷಧಿ ಊಟದಿಂದಲೇ ಶುರು. ದಿನಕ್ಕೆ ಸುಮಾರು 300 ಕ್ಯಾಲೊರಿ ಹೆಚ್ಚಿಸಲಿ, ಎರಡು ವಾರ ನೋಡಿ ಇನ್ನೂ ಏರಿಸಲಿ. 300 ಅಂದರೆ ಒಂದು ಲೋಟ ಹಾಲು, ಒಂದು ಹಿಡಿ (30 ಗ್ರಾಂ) ಹುರಿದ ಕಡಲೆಕಾಯಿ ಬೀಜ. ಎದ್ದ ಒಂದು ಗಂಟೆಯೊಳಗೆ ತಿಂಡಿ, ಮೂರು ನಾಲ್ಕು ಗಂಟೆಗೊಮ್ಮೆ ಏನಾದರೂ. ಮುದ್ದೆ ಒಳ್ಳೆಯದೇ, 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಆದರೆ ಮುದ್ದೆ, ಸೊಪ್ಪು, ಉಪ್ಸಾರು ಅಷ್ಟೇ ಆದರೆ ಹೊಟ್ಟೆ ಬೇಗ ತುಂಬಿ ಬೇಕಾದಷ್ಟು ಶಕ್ತಿ ಸೇರುವುದಿಲ್ಲ. ಮುದ್ದೆ ಮೇಲೆ ತುಪ್ಪ, ಸಾರಿನಲ್ಲಿ ಕಾಳು, ಜೊತೆಗೆ ಮೊಟ್ಟೆಯೋ ಮೊಸರೋ ಇರಲಿ. ಎಣ್ಣೆ ತುಪ್ಪ ಪೂರ್ತಿ ಬಿಡುವುದು ಇಂಥ ಹುಡುಗಿಯರಲ್ಲಿ ಪದೇಪದೇ ಕಾಣುವ ತಪ್ಪು. ಎಳ್ಳು, ಪಪ್ಪಾಯಿ ಮುಟ್ಟು ಬರಿಸುತ್ತವೆ ಎಂದು ಅಜ್ಜಿ ಹೇಳಿದರೆ ತಿನ್ನಲಿ, ಆಹಾರವೆಂದು ತಿನ್ನಲಿ, ಚಿಕಿತ್ಸೆಯೆಂದು ಕಾಯಬೇಡಿ. ಶನಿವಾರದ ಒಪ್ಪೊತ್ತು ಸದ್ಯಕ್ಕೆ ಬೇಡ.

ಓಟವನ್ನೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದನ್ನೂ ನಿಲ್ಲಿಸಿ, ಅರ್ಧ ಗಂಟೆ ನಿಧಾನವಾಗಿ ನಡೆದರೆ ಸಾಕು. ತೂಕವಂತೂ ಮುಟ್ಟು ನಿಂತಾಗ ಇದ್ದುದಕ್ಕಿಂತ ಎರಡು ಕೆಜಿಯಾದರೂ ಮೇಲೆ ಹೋಗಬೇಕಾಗಬಹುದು.

ಇಲ್ಲೊಂದು ಅಪಾಯವಿದೆ. ಒತ್ತಡದಿಂದ ಮುಟ್ಟು ನಿಂತವರ ಸ್ಕ್ಯಾನಿನಲ್ಲೂ ಅಂಡಾಶಯದ ತುಂಬ ಸಣ್ಣ ಗುಳ್ಳೆ ಕಾಣಬಹುದು. ಅದಷ್ಟನ್ನೇ ನೋಡಿ ಪಿಸಿಒಡಿ (ಅಂಡಾಶಯದಲ್ಲಿ ಗುಳ್ಳೆ ಕಂಡು ಮುಟ್ಟು ಏರುಪೇರಾಗುವ ಬೇರೆಯೇ ತೊಂದರೆ) ಅಂದುಬಿಟ್ಟರೆ, ಮುಂದಿನ ಮಾತು ‘ತೂಕ ಇಳಿಸಮ್ಮ’. ಇವಳಿಗೆ ಅದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ. ಮುಖದ ಮೇಲೆ ಕೂದಲಿಲ್ಲ, ತೂಕ ಇಳಿದಿದೆ, ಎಸ್ಟ್ರಡಯಾಲ್ ತಳದಲ್ಲಿದೆ ಎಂದರೆ ಆ ಹೆಸರನ್ನು ಇನ್ನೊಮ್ಮೆ ಪ್ರಶ್ನಿಸಿ.

ಮನಸ್ಸಿನ ಪಾಲು ಊಟದಷ್ಟೇ ದೊಡ್ಡದು. ಸಿಬಿಟಿ ಎಂಬ ಮಾತಿನ ಚಿಕಿತ್ಸೆಯ ಬಗ್ಗೆ ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಇದೇ ತೊಂದರೆಯ 16 ಹೆಂಗಸರು, 20 ವಾರ. ಚಿಕಿತ್ಸೆ ಪಡೆದ ಎಂಟರಲ್ಲಿ ಏಳು ಜನರ ಅಂಡಾಶಯ ಮತ್ತೆ ಕೆಲಸ ಶುರುಮಾಡಿತು, ಸುಮ್ಮನೆ ಕಾದ ಎಂಟರಲ್ಲಿ ಇಬ್ಬರದು. ಸಣ್ಣ ಪ್ರಯೋಗ, ಆದರೆ ದಾರಿ ತೋರಿಸಿದ್ದು. ಮಾಡುವುದು ಇಷ್ಟು: ಎದೆ ಹೊಡೆದುಕೊಂಡ ಗಳಿಗೆಯಲ್ಲಿ ಏನಾಯಿತು, ತಲೆಗೆ ಏನು ಬಂತು (‘ಸೀಟು ಸಿಗದಿದ್ದರೆ ಬದುಕೇ ಮುಗೀತು’), ಅದು ನಿಜ ಎನ್ನಲು ಆಧಾರವೇನು, ಅಲ್ಲ ಎನ್ನಲು ಏನಿದೆ, ಈಗ ಮಾಡಬಹುದಾದ ಒಂದು ಕೆಲಸ ಯಾವುದು ಎಂದು ಬರೆದು, ಮನಶ್ಶಾಸ್ತ್ರಜ್ಞರ ಜೊತೆ ಕೂತು ತಿದ್ದಿಕೊಳ್ಳುವುದು. ಅವರು ಸಿಗುವವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಪುಕ್ಕಟೆಯಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಊಟ ಕಂಡರೇ ಭಯ, ತಿಂದು ವಾಂತಿ ಮಾಡಿಕೊಳ್ಳುವುದು, ತಲೆಸುತ್ತಿ ಬೀಳುವುದು ಇದ್ದರೆ ಮಾತ್ರ ಕಾಯಬೇಡ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿ.

ಎರಡು ತಿಂಗಳಿಗೇ ಕೈಬಿಡಬೇಡಿ. ಆರು ತಿಂಗಳು, ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ. ಮೊದಲು ಮೊಟ್ಟೆಯ ಬಿಳಿಯಂಥ ಲೋಳೆ ಕಾಣಬಹುದು, ಆಮೇಲೆ ಸ್ವಲ್ಪವೇ ರಕ್ತ, ಆಮೇಲೆ ನಲವತ್ತು ದಿನದ ಅಂತರ. ಸರಿಹೋಗುವ ದಾರಿಯೇ ಹಾಗೆ. (ಈ ಕಾಗದ ಓದುವ ಮದುವೆಯಾದವರಿಗೊಂದು ಮಾತು: ಅಂಡ ಬಿಡುಗಡೆ ಮೊದಲ ಮುಟ್ಟಿಗೂ ಮುಂಚೆಯೇ ಆಗುವುದರಿಂದ ಮುಟ್ಟಿಲ್ಲದಿದ್ದರೂ ಗರ್ಭ ನಿಲ್ಲಬಹುದು.) ಹಾರ್ಮೋನ್ ಬೇಡವೇ ಬೇಡ ಎಂಬ ಹಟವೂ ತರವಲ್ಲ. ಈಸ್ಟ್ರೋಜನ್ ಇಲ್ಲದೆ ಮೂಳೆ ಸವೆಯುತ್ತದೆ. ಮುಟ್ಟು ನಿಂತು ಆರು ತಿಂಗಳಾದರೆ ಮೂಳೆಯ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಬಗ್ಗೆ ಕೇಳಿ. ಇದೆಲ್ಲ ಆರರಿಂದ ಹನ್ನೆರಡು ತಿಂಗಳು ಮಾಡಿಯೂ ಬರದಿದ್ದರೆ, ಚರ್ಮಕ್ಕೆ ಅಂಟಿಸುವ ಈಸ್ಟ್ರೋಜನ್ ಪಟ್ಟಿಯನ್ನು ಪ್ರೊಜೆಸ್ಟರಾನ್ ಮಾತ್ರೆ ಜೊತೆ ಸ್ವಲ್ಪ ಕಾಲ ಕೊಡುತ್ತಾರೆ. ಆಗ ಒಪ್ಪಿಕೊಳ್ಳಿ.

ಭಾನುವಾರ ಅವಳನ್ನು ನೋಡಲು ಬರುವಾಗ ಹಳೆಯ ರಿಪೋರ್ಟೆಲ್ಲ ತಾ, ಮಾತ್ರೆ ನುಂಗಿದ ತಾರೀಖನ್ನು ಪೆನ್ನಿನಲ್ಲಿ ಅದರ ಮೇಲೇ ಬರೆದಿಡು. ಬಸ್ಸಿಳಿದು ಬಂದವನೇ ಅವಳ ಮುಂದೆ ತೂಕದ ಮಾತು ಮಾತ್ರ ಎತ್ತಬೇಡ, ಜೊತೆಗೆ ಕೂತು ಊಟ ಮಾಡು.

ನಿನ್ನ ಗೆಳೆಯ