ಲಾವಾ ಗುಹೆಯ ಕೊಳಕ್ಕೆ ನಾಣ್ಯ ಬೇಡ

ಮಾನ್ಯ ಸಂಪಾದಕರೇ,

ಬೆಂಗಳೂರಿನಿಂದ ವಿದೇಶದ ದ್ವೀಪಗಳಿಗೆ ರಜೆಯಲ್ಲಿ ತೆರಳುವವರಲ್ಲಿ ಒಂದು ವಿನಂತಿ. ಸ್ಪೇನ್‌ಗೆ ಸೇರಿದ ಲಾಂಜರೋಟೆ ದ್ವೀಪದಲ್ಲಿ ಕೊರೋನಾ ಜ್ವಾಲಾಮುಖಿಯಿಂದ ಹರಿದ ಲಾವಾದ ಮೇಲ್ಪದರ ತಣಿದು ಗಟ್ಟಿಯಾಗಿ, ಒಳಗಿನ ಪ್ರವಾಹ ಮುಂದಕ್ಕೆ ಹರಿದು ಬರಿದಾದಾಗ ಉಳಿದ ಸುರಂಗವು ನೆಲದಡಿ ಸುಮಾರು 6 ಕಿ.ಮೀ. ಸಾಗಿ, ಸಮುದ್ರದ ತಳದಲ್ಲೂ ಮುಂದುವರಿಯುತ್ತದೆ. ಅದರದೇ ಭಾಗವಾದ ಹಾಮೆಯೋಸ್ ದೆಲ್ ಆಗ್ವಾದ ಉಪ್ಪುನೀರಿನ ಕೊಳದಲ್ಲಿ ಏಡಿಯನ್ನು ಹೋಲುವ, ಕಣ್ಣು ಕಾಣದ, ಬೆಳ್ಳಗಿನ ಪುಟ್ಟ ಜೀವಿಯೊಂದಿದೆ. ನಾಣ್ಯಗಳ ಲೋಹ ಕರಗಿದ ನೀರು ಅದಕ್ಕೆ ವಿಷವಾದ್ದರಿಂದ ಅಲ್ಲಿ ನಾಣ್ಯ ಎಸೆಯುವುದನ್ನು ನಿಷೇಧಿಸಲಾಗಿದೆ.

ನದಿ, ಕಲ್ಯಾಣಿ ಕಂಡಲ್ಲಿ ಕೈಮುಗಿದು ನಾಣ್ಯ ಹಾಕುವುದು ನಮ್ಮಲ್ಲಿ ರೂಢಿ. ಆ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಇಂತಹ ಕೊಳದಲ್ಲಿ ಅದು ಜೀವಹಾನಿಗೆ ಕಾರಣವಾಗುತ್ತದೆ. ಊಟ, ವಸತಿ, ವೀಸಾಗಳ ವಿವರ ನೀಡುವ ನಗರದ ಪ್ರವಾಸ ಏಜೆನ್ಸಿಗಳು ಇದನ್ನೂ ಹೊರಡುವ ಮೊದಲೇ ಕನ್ನಡದಲ್ಲಿ ತಿಳಿಸಬೇಕು. ಗುಹೆಯ ಗೋಡೆಗಳನ್ನು ಮುಟ್ಟದಿರುವುದು, ಕಲ್ಲಿನ ಚೂರು ತಾರದಿರುವುದು ಕೂಡ ಅಷ್ಟೇ ಮುಖ್ಯ. ಮಲ್ಪೆ ಬಳಿಯ ಸೇಂಟ್ ಮೇರೀಸ್ ದ್ವೀಪದ ಲಾವಾ ಕಂಬಗಳಿಗೂ ಈ ಮಾತು ಅನ್ವಯಿಸುತ್ತದೆ. ತಮ್ಮ ಪತ್ರಿಕೆಯ ಪ್ರವಾಸ ಲೇಖನಗಳಲ್ಲಿ ಈ ಸೂಚನೆಗಳಿಗೂ ಜಾಗ ಕೊಡಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು, ಜಯನಗರ, ಬೆಂಗಳೂರು