ವಾರಕ್ಕೊಂದು ಚಿತ್ರ ಹಾಕಿ, ಜಗನ್ಮೋಹನದಿಂದಲೇ ಶುರು ಮಾಡಿ

ಸಂಪಾದಕರಿಗೆ ನಮಸ್ಕಾರ,

ಹೊಸ ಚಿತ್ರಪ್ರದರ್ಶನ ಶುರುವಾದರೆ ಪತ್ರಿಕೆಗಳಲ್ಲಿ ಸುದ್ದಿ ಬರುತ್ತದೆ. ಉದ್ಘಾಟನೆಯ ಫೋಟೊ ಬರುತ್ತದೆ, ಕಲಾವಿದರ ನಾಲ್ಕು ಮಾತೂ ಬರುತ್ತವೆ. ಒಳ್ಳೆಯದೇ, ಬರಬೇಕು. ಆದರೆ ನಮ್ಮದೇ ಊರಿನ ಗ್ಯಾಲರಿಗಳಲ್ಲಿ ಎಷ್ಟೋ ವರ್ಷಗಳಿಂದ ಇರುವ ಚಿತ್ರಗಳ ಬಗ್ಗೆ ಬರೆಯುವವರು ತೀರಾ ಕಡಿಮೆ. ಅವು ಎಲ್ಲಿಗೂ ಹೋಗಲ್ಲ, ಯಾವಾಗ ಬೇಕಾದರೂ ನೋಡಬಹುದು ಅಂತ ಎಲ್ಲರೂ ಅಂದುಕೊಂಡಿದ್ದೇವೆ. ಹಾಗೆ ಅಂದುಕೊಂಡೇ ವರ್ಷಗಟ್ಟಲೆ ಆ ಕಡೆ ತಲೆ ಹಾಕುವುದಿಲ್ಲ, ನೆಂಟರು ಬಂದಾಗ ಒಂದು ಸುತ್ತು ಹಾಕಿಸಿ ಕರೆದುಕೊಂಡು ಬರುವುದು ಬಿಟ್ಟರೆ.

ಮೈಸೂರಿನ ಜಗನ್ಮೋಹನ ಅರಮನೆಯನ್ನೇ ನೋಡಿ. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕಟ್ಟಡ. 1897ರಲ್ಲಿ ದೊಡ್ಡ ಅರಮನೆಗೆ ಬೆಂಕಿ ಬಿದ್ದ ಮೇಲೆ ರಾಜಮನೆತನ ಇದ್ದದ್ದು ಇಲ್ಲೇ. 1902ರಲ್ಲಿ ಲಾರ್ಡ್ ಕರ್ಜನ್ ಬಂದು ನಾಲ್ವಡಿಯವರಿಗೆ ಅಧಿಕಾರ ವಹಿಸಿಕೊಟ್ಟ ಸಮಾರಂಭ ಆಗಿದ್ದೂ ಇಲ್ಲೇ. 1915ರಲ್ಲಿ ಇದು ಚಿತ್ರಶಾಲೆಯಾಯಿತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಸಹಾಯದಿಂದ ಹೊಸ ಕಾಲದ ಭಾರತೀಯ ಚಿತ್ರಗಳೂ ಇಲ್ಲಿಗೆ ಬಂದವು. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಯುವಕ ಕುವೆಂಪು ಅವರಿಗೆ ಕನ್ನಡದಲ್ಲಿ ಬರೆಯಿರಿ ಎಂದು ಹೇಳಿದರಲ್ಲ, ಅದೇ ಕಸಿನ್ಸ್. ಆ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಅದೇ ಮನುಷ್ಯ ಮೈಸೂರಿನಲ್ಲಿ ಚಿತ್ರಗಳನ್ನೂ ಕೂಡಿಸಿಕೊಟ್ಟರು ಅನ್ನುವುದು ಎಷ್ಟು ಜನಕ್ಕೆ ಗೊತ್ತು?

ಇಲ್ಲಿ ಒಂದು ಚಿತ್ರ ಇದೆ, ನೋಡದವರೇ ಇಲ್ಲ ಅನ್ನಬಹುದು. ದೀಪ ಹಿಡಿದು ನಿಂತ ಹೆಣ್ಣು. ಕ್ಯಾಲೆಂಡರಿನಲ್ಲಿ, ಫ್ರೇಮ್ ಅಂಗಡಿಯಲ್ಲಿ, ಎಷ್ಟೋ ಮನೆಗಳ ಹಾಲ್‌ನಲ್ಲಿ ಇದರ ನಕಲು ಇದೆ. ಯಾರು ಬರೆದದ್ದು ಅಂತ ಕೇಳಿದರೆ ಹತ್ತರಲ್ಲಿ ಎಂಟು ಜನ ರವಿವರ್ಮ ಅನ್ನುತ್ತಾರೆ. ನಾನು ಡ್ರಾಯಿಂಗ್ ಮೇಷ್ಟ್ರಾಗಿದ್ದವನು, ನನ್ನ ಕ್ಲಾಸಿನ ಮಕ್ಕಳೂ ಪ್ರತಿ ವರ್ಷ ಇದೇ ಉತ್ತರ ಕೊಡುತ್ತಿದ್ದರು. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ 1945–46ರದ್ದು. ಬರೆದವರು ಸಾವಂತವಾಡಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಕಲಾಶಾಲೆ ನಡೆಸುತ್ತಿದ್ದ ಎಸ್.ಎಲ್. ಹಲ್ದಂಕರ್, ರೂಪದರ್ಶಿಯಾಗಿ ನಿಂತವರು ಅವರ ಮಗಳು ಗೀತಾ. ಇಷ್ಟು ಚೆಂದದ ಕೆಲಸ ಮಾಡಿದ ಮನುಷ್ಯನ ಹೆಸರು ಅವರದೇ ಚಿತ್ರದ ಜೊತೆ ಉಳಿಯಲಿಲ್ಲ ಅಂದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಇನ್ನೊಂದು ವಿಷಯ. ಅದು ಎಣ್ಣೆಬಣ್ಣದ ಚಿತ್ರ ಅಲ್ಲ, ಜಲವರ್ಣ. ಜಲವರ್ಣದಲ್ಲಿ ಕೈ ಆಡಿಸಿದವರಿಗೆ ಇದರ ಕಷ್ಟ ಗೊತ್ತು. ಅಲ್ಲಿ ಬೆಳಕು ಅಂದರೆ ಬಣ್ಣ ಹಚ್ಚದೆ ಬಿಟ್ಟ ಕಾಗದ, ಇಲ್ಲವೇ ತೆಳ್ಳಗೆ ಹಚ್ಚಿ ಬಿಟ್ಟ ಜಾಗ. ಕತ್ತಲೆ ಒಂದು ಕೂದಲಿನಷ್ಟು ಆಚೆ ಹರಿದರೂ ಬೆಳಕು ಹೋಯಿತು, ಎಣ್ಣೆಬಣ್ಣದ ಹಾಗೆ ಮೇಲೆ ಇನ್ನೊಂದು ಪದರ ಹಚ್ಚಿ ಮುಚ್ಚುವ ಹಾಗಿಲ್ಲ. ಈ ಚಿತ್ರದಲ್ಲಿ ಜ್ವಾಲೆಯೇ ಕಾಣುವುದಿಲ್ಲ, ಕೈ ಅಡ್ಡ ಇದೆ. ಬೆರಳುಗಳ ಅಂಚು ಕೆಂಪಗೆ ಹೊಳೆಯುತ್ತದೆ, ಒಳಗಿನ ರಕ್ತ ಕಂಡ ಹಾಗೆ. ಅಲ್ಲಿಂದ ಬೆಳಕು ಮೇಲೆ ಹೋಗಿ ಗಲ್ಲ, ಕೆನ್ನೆ ಮುಟ್ಟುತ್ತದೆ. ಕ್ಯಾಲೆಂಡರಿನ ನಕಲಿನಲ್ಲಿ ಆ ಬೆರಳುಗಳು ಸುಮ್ನೆ ಕಿತ್ತಳೆ ಬಣ್ಣದ ಗೆರೆಗಳಾಗಿಬಿಟ್ಟಿರುತ್ತವೆ. ಮೂಲ ಚಿತ್ರ ನೋಡಲೇಬೇಕು.

ಹಾಗಂತ ರವಿವರ್ಮ ಅಲ್ಲಿ ಇಲ್ಲ ಅಂತಲ್ಲ. 1889ರಲ್ಲಿ ಅವರು ಬರೆದ ಸಂಗೀತಗಾರ್ತಿಯರ ದೊಡ್ಡ ಚಿತ್ರ ಈ ಸಂಗ್ರಹದ್ದೇ. ಬೇರೆ ಬೇರೆ ಪ್ರಾಂತ್ಯದ ಹನ್ನೊಂದು ಹೆಣ್ಣುಮಕ್ಕಳು ಒಟ್ಟಿಗೆ ಸೇರಿದ್ದಾರೆ, ವೀಣೆ ನುಡಿಸುವ ನಾಯರ್ ಹೆಣ್ಣೂ ಇದ್ದಾಳೆ, ಪಾರ್ಸಿ ಹೆಣ್ಣೂ ಇದ್ದಾಳೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಯಾರು ಯಾವ ಕಡೆಯವರು, ಸೀರೆ ಉಟ್ಟದ್ದು ನೋಡಿ ಹೇಳಿ ಅಂದರೆ ಸಾಕು. ಬೇರೆ ಪಾಠ ಬೇಡ, ಅರ್ಧ ಗಂಟೆ ಅಲ್ಲಿಂದ ಕದಲುವುದಿಲ್ಲ.

ಬೆಂಗಳೂರಿಗೆ ಬಂದರೆ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ. ಕೆ. ವೆಂಕಟಪ್ಪನವರು ಮೈಸೂರಿನ ಆಸ್ಥಾನ ಚಿತ್ರಗಾರರ ಮನೆತನದವರು. ಅರಮನೆಯ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಹತ್ತಿರ ಕಲಿತರು, ನಂದಲಾಲ್ ಬೋಸ್ ಜೊತೆಯವರು. ಊಟಿ ಮತ್ತು ಕೊಡೈಕನಾಲಿನ ಮಂಜು, ಮೋಡ, ಗುಡ್ಡಗಳನ್ನು ಜಲವರ್ಣದಲ್ಲಿ ಅವರಷ್ಟು ತಾಳ್ಮೆಯಿಂದ ಬರೆದವರು ನಮ್ಮಲ್ಲಿ ಇನ್ನೊಬ್ಬರಿಲ್ಲ, ಇದು ನನ್ನ ಅಭಿಪ್ರಾಯ. ವೀಣೆ ಶೇಷಣ್ಣನವರ ಹತ್ತಿರ ವೀಣೆಯನ್ನೂ ಕಲಿತರು. ಪ್ಲಾಸ್ಟರಿನಲ್ಲಿ ಉಬ್ಬುಚಿತ್ರ ಮಾಡಿದರು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಕೊಟ್ಟ ಚಿತ್ರಗಳೂ ಈ ಚಿತ್ರಶಾಲೆಗೇ ಸೇರಿವೆ. ಜನವರಿಯ ಚಿತ್ರಸಂತೆಗೆ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಂದರೆ ಚಿತ್ರ ನೋಡುವ ಆಸೆ ಜನಕ್ಕೆ ಇದೆ ಅಲ್ವಾ? ಆ ಜನರಲ್ಲಿ ಕಾಲು ಭಾಗ ಉಳಿದ ದಿನಗಳಲ್ಲಿ ಈ ಸಂಗ್ರಹಗಳ ಕಡೆ ತಿರುಗಿದರೂ ಎಷ್ಟು ಚೆಂದ.

ಇಲ್ಲೊಂದು ಮಾತು ಓದುಗರಿಗೂ ತಿಳಿಸಬೇಕು. ಶಾಶ್ವತ ಸಂಗ್ರಹ ಅಂದರೆ ಎಲ್ಲ ಚಿತ್ರಗಳೂ ವರ್ಷವಿಡೀ ಗೋಡೆಯ ಮೇಲೆ ಇರುತ್ತವೆ ಅಂತಲ್ಲ, ಇರಲೂಬಾರದು. ಕಾಗದದ ಮೇಲಿನ ಜಲವರ್ಣಕ್ಕೆ ಬೆಳಕೇ ಶತ್ರು. ಜಾಸ್ತಿ ಬೆಳಕು ಬಿದ್ದರೆ ಬಣ್ಣ ಮಾಸುತ್ತದೆ, ಮಾಸಿದ್ದು ವಾಪಸ್ ಬರುವುದಿಲ್ಲ. ಅದಕ್ಕೇ ಒಳ್ಳೆಯ ಸಂಗ್ರಹಾಲಯಗಳು ಇಂಥ ಚಿತ್ರಗಳನ್ನು ಸುಮಾರು 50 ಲಕ್ಸ್‌ನಷ್ಟು (ಲಕ್ಸ್ ಅಂದರೆ ಬೆಳಕಿನ ಅಳತೆ) ಮಂದ ಬೆಳಕಿನಲ್ಲಿ ಕೆಲವು ತಿಂಗಳು ಮಾತ್ರ ತೂಗುಹಾಕಿ, ಆಮೇಲೆ ಕತ್ತಲಲ್ಲಿ ಇಡುತ್ತವೆ. ಕೋಣೆ ಯಾಕಿಷ್ಟು ಮಬ್ಬು ಅಂತ ಗೊಣಗುವವರಿಗೆ ಕಾರಣ ತಿಳಿದರೆ ಸಮಾಧಾನವಾಗುತ್ತದೆ. ಮತ್ತೆ, ಚಿತ್ರಗಳು ಹೀಗೆ ಸರದಿಯ ಮೇಲೆ ಹೊರಗೆ ಬರುವುದಾದರೆ ಈಗ ಯಾವುದು ಹೊರಗಿದೆ ಅನ್ನುವುದು ಸುದ್ದಿಯೇ ತಾನೆ? ಊರಿಗೆ ಬಂದ ಸಿನಿಮಾಕ್ಕೆ ಕೊಡುವ ಜಾಗದಲ್ಲಿ ಎರಡು ಇಂಚು ಇದಕ್ಕೆ ಕೊಡಬಹುದು.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಭಾನುವಾರದ ಪುರವಣಿಯಲ್ಲಿ ಕರ್ನಾಟಕದ ಯಾವುದಾದರೂ ಒಂದು ಗ್ಯಾಲರಿಯ ಒಂದೇ ಒಂದು ಚಿತ್ರ ಹಾಕಿ. ಗ್ಯಾಲರಿಯವರ ಒಪ್ಪಿಗೆ ಪಡೆದು ದೊಡ್ಡದಾಗಿ, ಬಣ್ಣದಲ್ಲಿ ಹಾಕಿ. ಕೆಳಗೆ ಕಲಾವಿದರ ಹೆಸರು, ವರ್ಷ, ಎಣ್ಣೆಬಣ್ಣವೋ ಜಲವರ್ಣವೋ, ಎಷ್ಟು ಉದ್ದ ಎಷ್ಟು ಅಗಲ, ಯಾವ ಗ್ಯಾಲರಿ, ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತಾರೆ, ಯಾವ ದಿನ ರಜೆ, ಇಷ್ಟು ಇರಲಿ. ಚಿತ್ರದಲ್ಲಿ ಏನನ್ನು ಗಮನಿಸಬೇಕು ಅಂತ ನೂರು ಪದ ಸಾಕು. ದೊಡ್ಡ ದೊಡ್ಡ ವಿಮರ್ಶೆ ಬೇಡ, ಏಳನೇ ಕ್ಲಾಸಿನ ಹುಡುಗಿಗೆ ಅರ್ಥವಾಗಬೇಕು. ಮೈಸೂರಿನಲ್ಲಿ ಕಾವಾ ಕಲಾ ಕಾಲೇಜಿನ ವಿದ್ಯಾರ್ಥಿಗಳಿದ್ದಾರೆ, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನವರಿದ್ದಾರೆ, ಊರೂರಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರುಗಳಿದ್ದಾರೆ. ಬರೆಯುವವರಿಗೆ ಬರ ಇಲ್ಲ. ಮೊದಲ ವಾರ ಹಲ್ದಂಕರ್ ಅವರದ್ದು ಹಾಕಿ, ಹೆಸರು ದಪ್ಪ ಅಕ್ಷರದಲ್ಲಿರಲಿ. ನೀವು ಹೂಂ ಅಂದರೆ ಮೊದಲ ನಾಲ್ಕು ವಾರದ್ದು ನಾನೇ ಬರೆದು ಕಳಿಸುತ್ತೇನೆ, ಸಂಭಾವನೆ ಬೇಡ.

ಇಂತಿ ನಿಮ್ಮ ಓದುಗ,
ನಿವೃತ್ತ ಚಿತ್ರಕಲಾ ಶಿಕ್ಷಕ, ಮೈಸೂರು