ಇಂಟರ್ನೆಟ್ ಇಲ್ಲ ಅಂತ ಕುಡಿಯುವ ನೀರು ನಿಲ್ಲಿಸಿದ ಬಾಡಿಗೆ ಪ್ಯೂರಿಫೈಯರ್: ಒಂದು ದೂರು

ಇವರಿಗೆ,
ಮುಖ್ಯಸ್ಥರು,
ಗ್ರಾಹಕರ ದೂರು ವಿಭಾಗ

ಇವರಿಂದ,
ನಿಮ್ಮ ಬಾಡಿಗೆ ಪ್ಲ್ಯಾನಿನ ಗ್ರಾಹಕಿ,
ಬಸವೇಶ್ವರನಗರ, ಬೆಂಗಳೂರು

ವಿಷಯ: ಬಾಡಿಗೆ ಕಟ್ಟಿದ್ದರೂ ವಾಟರ್ ಪ್ಯೂರಿಫೈಯರ್ ಲಾಕ್ ಆದದ್ದು, ರಿಪೇರಿ ಆಗದೆಯೇ ದೂರು ಮುಚ್ಚಿದ್ದು ಮತ್ತು ಹಣ ವಾಪಸ್ ಕೊಡುವ ಬಗ್ಗೆ.

ಮಾನ್ಯರೇ,

ನಿಮ್ಮ ಬಾಡಿಗೆ ಪ್ಯೂರಿಫೈಯರ್ ನಮ್ಮ ಅಡುಗೆಮನೆಯ ಗೋಡೆಯ ಮೇಲಿದೆ. ಡೆಪಾಸಿಟ್ 1,500 ರೂಪಾಯಿ ಕೊಟ್ಟಿದ್ದೇವೆ. ಬಾಡಿಗೆಯನ್ನು ಮೂರು ತಿಂಗಳಿಗೊಮ್ಮೆ ಮುಂಗಡವಾಗಿ ಕಟ್ಟುತ್ತೇವೆ. ಒಂದು ಸಲವೂ ತಡ ಆಗಿಲ್ಲ. ರಸೀದಿಗಳೆಲ್ಲ ನಿಮ್ಮ ಆ್ಯಪ್‌ನಲ್ಲೇ ಇವೆ, ನೋಡಿಕೊಳ್ಳಿ. ಹೀಗಿದ್ದೂ ಹೋದ ತಿಂಗಳು ಒಂದು ಬೆಳಗ್ಗೆ ಮೆಷಿನ್‌ನಲ್ಲಿ ಕೆಂಪು ದೀಪ ಹತ್ತಿಕೊಂಡಿತು, ನೀರು ನಿಂತಿತು.

ಕರೆಂಟ್ ಇತ್ತು. ಸಂಪು ತುಂಬಿತ್ತು. ಫಿಲ್ಟರ್ ಬದಲಾಯಿಸಿ ತುಂಬಾ ದಿನ ಆಗಿರಲಿಲ್ಲ. ಅಷ್ಟೇ ಅಲ್ಲ, ಮೆಷಿನ್‌ನ ಒಳಗಿನ ಟ್ಯಾಂಕಿನಲ್ಲಿ ಶುದ್ಧ ಮಾಡಿಟ್ಟ ನೀರೂ ಇತ್ತು. ಮುಂದಿನ ಪ್ಲಾಸ್ಟಿಕ್ ಕಿಂಡಿಯಲ್ಲಿ ಚೆನ್ನಾಗಿ ಕಾಣುತ್ತಿತ್ತು. ಕಾಣುತ್ತಿತ್ತು, ಬರುತ್ತಿರಲಿಲ್ಲ. ನಮ್ಮ ಅತ್ತೆಗೆ ಎಂಬತ್ತು ದಾಟಿದೆ. ಬೆಳಗ್ಗೆ ಮಾತ್ರೆ ನುಂಗಬೇಕು. ಲೋಟ ಹಿಡಿದು ನಿಂತವರು ಕೆಂಪು ದೀಪ ನೋಡಿ, "ದುಡ್ಡು ಕಟ್ಟಿಲ್ವೇನೇ?" ಅಂತ ನನ್ನನ್ನೇ ಕೇಳಿದರು. ಪಕ್ಕದ ಮನೆಯವರೂ ಅಲ್ಲೇ ಇದ್ದರು.

ಕಾರಣ ಆಮೇಲೆ ಗೊತ್ತಾಯಿತು. ನಮ್ಮ ರಸ್ತೆಯಲ್ಲಿ ವೈಟ್ ಟಾಪಿಂಗ್, ಅಂದರೆ ರಸ್ತೆಗೆ ಕಾಂಕ್ರೀಟ್ ಹಾಕುವ ಕೆಲಸ ನಡೀತಿದೆ. ಜೆಸಿಬಿ ಅಗೆಯುವಾಗ ಇಂಟರ್ನೆಟ್ ಕೇಬಲ್ ತುಂಡಾಗಿತ್ತು. ಬೆಂಗಳೂರಿನಲ್ಲಿ ಇದು ವಿಶೇಷ ಸುದ್ದಿ ಏನಲ್ಲ, ಅಲ್ವಾ? ಕೇಬಲ್ ಹೋದರೆ ಟಿವಿ ನಿಲ್ಲುತ್ತದೆ, ಮಗನ ಆಫೀಸ್ ಮೀಟಿಂಗ್ ನಿಲ್ಲುತ್ತದೆ. ಅದು ಸರಿ. ನೀರು ಯಾಕೆ ನಿಲ್ಲಬೇಕು? ನಿಮ್ಮ ಮೆಷಿನ್ ವೈಫೈ ಮೂಲಕ ನಿಮ್ಮ ಸರ್ವರ್ ಜೊತೆ ಮಾತಾಡಿ, ಬಾಡಿಗೆ ಬಂದಿದೆಯಾ ಅಂತ ಕೇಳುತ್ತದೆಯಂತೆ. ಒಂದಷ್ಟು ಹೊತ್ತು ಉತ್ತರ ಬರದಿದ್ದರೆ ಕರೆಂಟ್‌ನಿಂದ ನೀರು ಬಿಡುವ, ತಡೆಯುವ ಸೋಲೆನಾಯ್ಡ್ ವಾಲ್ವ್ ಮುಚ್ಚುತ್ತದೆ. ಅಂದರೆ ಉತ್ತರ ಬರಲಿಲ್ಲ ಅಂದರೆ ಗ್ರಾಹಕ ಹಣ ಕಟ್ಟಿಲ್ಲ ಅಂತಲೇ ಲೆಕ್ಕ. ಇದು ಮೆಷಿನ್ ಕೆಟ್ಟದ್ದಲ್ಲ. ಹೀಗೇ ಆಗಲಿ ಅಂತ ನಿಮ್ಮಲ್ಲಿ ಯಾರೋ ಕೂತು ಬರೆದಿಟ್ಟದ್ದು. ನನ್ನ ಮುಖ್ಯ ದೂರು ಇದೇ. ಉಳಿದದ್ದೆಲ್ಲ ಇದರಿಂದ ಹುಟ್ಟಿಕೊಂಡದ್ದು.

ಸಹಾಯವಾಣಿಗೆ ಫೋನ್ ಮಾಡಿದೆ. ರೆಕಾರ್ಡ್ ಮಾಡಿದ ದನಿ ಬಲು ಮುದ್ದಾದ ಕನ್ನಡದಲ್ಲಿ ಸ್ವಾಗತ ಹೇಳಿ, ಕನ್ನಡಕ್ಕೆ 3 ಒತ್ತಿ ಅಂದಿತು. ಒತ್ತಿದೆ. ಹಾಡು ಕೇಳಿಸಿಕೊಂಡು ಕಾದ ಮೇಲೆ ಸಿಕ್ಕವರು ಹಿಂದಿಯಲ್ಲಿ ಶುರು ಮಾಡಿದರು. ನನಗೆ ಹಿಂದಿ ಬರುತ್ತದೆ, ಮಾತಾಡಿದೆ. ಅತ್ತೆ ಒಬ್ಬರೇ ಮನೆಯಲ್ಲಿದ್ದಿದ್ದರೆ ಏನು ಮಾಡಬೇಕಿತ್ತು? ಕನ್ನಡದವರು ಇಲ್ಲದಿದ್ದರೆ ಆ ಮೂರನ್ನು ತೆಗೆದುಬಿಡಿ, ಸುಮ್ನೆ ಆಸೆ ತೋರಿಸಬೇಡಿ.

ಅವರು ಕೊಟ್ಟ ಪರಿಹಾರ ಏನು ಗೊತ್ತಾ? ಮೊಬೈಲ್‌ನ ಹಾಟ್‌ಸ್ಪಾಟ್ ಆನ್ ಮಾಡಿ, ಅದಕ್ಕೆ ಮನೆಯ ವೈಫೈ ಹೆಸರನ್ನೇ ಕೊಟ್ಟು, ಅದೇ ಪಾಸ್‌ವರ್ಡ್ ಹಾಕಿ, ಫೋನನ್ನು ಮೆಷಿನ್ ಪಕ್ಕ ಇಡಬೇಕು. ಮಾಡಿದೆವು. ಮೆಷಿನ್ ಕಣ್ಣೆತ್ತಿಯೂ ನೋಡಲಿಲ್ಲ. ನಿಮ್ಮ ಮೆಷಿನ್‌ಗೆ 2.4 ಗಿಗಾಹರ್ಟ್ಸ್ ಸಿಗ್ನಲ್ ಮಾತ್ರ ಹಿಡಿಯುತ್ತದೆ, ಫೋನ್ 5 ಗಿಗಾಹರ್ಟ್ಸ್‌ನಲ್ಲಿ ಬಿಡುತ್ತಿತ್ತು ಅಂತ ಸಂಜೆ ಮಗ ಬಂದು ಕಂಡುಹಿಡಿದ. ಬದಲಾಯಿಸಿದ ಮೇಲೆ ನೀರು ಬಂತು. ಅವನು ಫೋನ್ ತಗೊಂಡು ಹೊರಗೆ ಹೋದ. ಮರುದಿನ ಮತ್ತೆ ಕೆಂಪು ದೀಪ. ಕುಡಿಯುವ ನೀರಿಗಾಗಿ ಒಂದು ಫೋನನ್ನು ಅಡುಗೆಮನೆಯಲ್ಲಿ ಕಾವಲು ಕೂರಿಸಬೇಕು ಅಂತ ನಿಮ್ಮ ಜಾಹೀರಾತಿನಲ್ಲಿ ಎಲ್ಲೂ ಬರೆದಿಲ್ಲ.

ಅಷ್ಟು ದಿನ ನಾವು ನೀರು ತಂದದ್ದು ಹತ್ತಿರದ ಶುದ್ಧ ಕುಡಿಯುವ ನೀರಿನ ಘಟಕದಿಂದ. ಅದೂ ಪೊರೆಯ ಮೂಲಕ ನೀರು ಸೋಸಿ ಲವಣ ತೆಗೆಯುವ ಆರ್‌ಓ ಮೆಷಿನ್ನೇ. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಹೆಸರು ಕೇಳುವುದಿಲ್ಲ, ಫೋನ್ ನಂಬರ್ ಕೇಳುವುದಿಲ್ಲ, ಒಟಿಪಿ ಕಳಿಸುವುದಿಲ್ಲ.

ಒಟಿಪಿ ವಿಷಯಕ್ಕೆ ಬರುತ್ತೇನೆ, ಇದನ್ನು ಸ್ವಲ್ಪ ಗಮನವಿಟ್ಟು ಓದಿ. ನಿಮ್ಮ ಟೆಕ್ನಿಷಿಯನ್ ಬಂದರು. ಒಳ್ಳೆಯ ಹುಡುಗ. ಮುಚ್ಚಳ ಬಿಚ್ಚಿ ನೋಡಿ, "ಹಾರ್ಡ್‌ವೇರ್ ಎಲ್ಲಾ ಸರಿ ಇದೆ ಆಂಟಿ, ಇದು ಆಫೀಸ್‌ನಿಂದ ಅನ್‌ಲಾಕ್ ಮಾಡ್ಬೇಕು" ಅಂದರು. ಆಫೀಸಿಗೆ ಫೋನ್ ಮಾಡಿದರು, ಸಿಗಲಿಲ್ಲ. ಹೊರಡುವಾಗ ಒಟಿಪಿ ಕೇಳಿದರು. ಕೆಲಸ ಮುಗಿದ ಮೇಲೆ ಕೊಡಬೇಕಾದ ಒಟಿಪಿ ಅದು. ಕೆಲಸ ಆಗಿಲ್ಲವಲ್ಲಪ್ಪ ಅಂದೆ. "ಕೊಡದಿದ್ರೆ ಇವತ್ತಿನ ವಿಸಿಟ್ ದುಡ್ಡು ಬರಲ್ಲ ಆಂಟಿ" ಅಂದರು. ನಾನು ಕೊಡಲಿಲ್ಲ. ಅವರಿಗೆ ಕಾಫಿ ಕೊಟ್ಟು ಕಳಿಸಿದೆ. ರಾತ್ರಿ ನಿಮ್ಮಿಂದ ಮೆಸೇಜ್ ಬಂತು: ನಿಮ್ಮ ದೂರನ್ನು ಯಶಸ್ವಿಯಾಗಿ ಬಗೆಹರಿಸಲಾಗಿದೆ, ಐದು ಸ್ಟಾರ್ ಕೊಡಿ ಅಂತ. ಒಟಿಪಿ ಇಲ್ಲದೆಯೇ ಮುಚ್ಚಲು ಆಗುವುದಾದರೆ ಆ ಒಟಿಪಿ ಯಾಕೆ? ಮತ್ತೆ ದೂರು ಕೊಟ್ಟರೆ ಅದು ಹೊಸ ದೂರು ಆಗುತ್ತದೆ, ಹಳೆಯದರ ಸುಳಿವೇ ಇರುವುದಿಲ್ಲ. ನಿಮ್ಮ ಲೆಕ್ಕದಲ್ಲಿ ನಾನು ಪದೇ ಪದೇ ಸಂತೋಷವಾಗಿರುವ ಗ್ರಾಹಕಿ. ಒಂದು ವಿನಂತಿ: ಈ ಪತ್ರದ ನೆಪದಲ್ಲಿ ಆ ಹುಡುಗನ ಸಂಬಳ ಹಿಡಿಯಬೇಡಿ. ಬಂದವರಲ್ಲಿ ನಿಜ ಹೇಳಿದವರು ಅವರೊಬ್ಬರೇ.

ಆಮೇಲೆ ಬಂದವರು ರಿಪೇರಿಯವರಲ್ಲ, ಮಾರುವವರು. ಲಾಕ್ ಬಗ್ಗೆ ಕೇಳಿದರೆ ಹೊಸ ಪ್ಲ್ಯಾನಿನ ಮಾತು ತೆಗೆದರು. ತಾಮ್ರ ಸೇರಿಸುವುದಂತೆ, ಆಲ್ಕಲೈನ್ ಅಂತೆ. ಬ್ಯಾಗಿನಿಂದ ಎರಡು ಲೋಟ ತೆಗೆದರು. ಒಂದಕ್ಕೆ ನಮ್ಮ ನಲ್ಲಿ ನೀರು, ಇನ್ನೊಂದಕ್ಕೆ ಅವರೇ ತಂದ ಆರ್‌ಓ ನೀರು. ಎರಡರಲ್ಲೂ ಲೋಹದ ಕಡ್ಡಿ ಇಳಿಸಿ ಕರೆಂಟ್ ಕೊಟ್ಟರು. ನಲ್ಲಿ ನೀರು ಕೊಚ್ಚೆಯ ಹಾಗೆ ಕಂದು ಬಣ್ಣಕ್ಕೆ ತಿರುಗಿತು. ಆರ್‌ಓ ನೀರು ಹಾಗೇ ಇತ್ತು. "ನೋಡಿ ಮೇಡಂ, ಇಷ್ಟು ದಿನ ನೀವು ಕುಡಿದದ್ದು ಇದನ್ನೇ" ಅಂದರು. ಅತ್ತೆಗೆ ನಿಜಕ್ಕೂ ಗಾಬರಿ ಆಯಿತು.

ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತಳಾದವಳು. ಅವರ ಆರ್‌ಓ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿದೆ. ಈಗ ಕರೆಂಟ್ ಕೊಡಿ ಅಂದೆ. ಅದೂ ಕಂದು ಆಯಿತು. ಆ ಕಂದು ಬಣ್ಣ ನೀರಿನ ಕೊಳೆ ಅಲ್ಲ, ಅವರ ಕಬ್ಬಿಣದ ಕಡ್ಡಿ ಕರಗಿ ಆದ ತುಕ್ಕು. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತದೆ, ಕಬ್ಬಿಣ ಕರಗುತ್ತದೆ. ಆರ್‌ಓ ನೀರಿನಲ್ಲಿ ಲವಣ ತೀರಾ ಕಡಿಮೆ, ಅದಕ್ಕೆ ಏನೂ ಆಗುವುದಿಲ್ಲ. ಎಳನೀರಿಗೆ ಆ ಕಡ್ಡಿ ಇಳಿಸಿದರೂ ಬಣ್ಣ ಕೆಡುತ್ತದೆ, ಹಾಗಂತ ಎಳನೀರು ವಿಷವೇ? ಪಾಪ, ಆ ಮನುಷ್ಯ ಲೋಟ ತೊಳೆದುಕೊಂಡು ಹೊರಟುಹೋದರು. ಈ ಆಟವನ್ನು ಅವರಿಗೆ ಕಲಿಸಿ ಕಳಿಸಿದ್ದು ನೀವು. ವಯಸ್ಸಾದವರು ಮಾತ್ರ ಇರುವ ಮನೆಗಳಲ್ಲಿ ಇದನ್ನು ತೋರಿಸಿ ಎಷ್ಟು ಪ್ಲ್ಯಾನ್ ಮಾರಿದ್ದೀರೋ!

ನಮಗೆ ಆರ್‌ಓ ಬೇಡ ಅಂತಲ್ಲ. ನಮ್ಮ ಸಂಪಿಗೆ ಕಾವೇರಿಯೂ ಬರುತ್ತದೆ, ಬೋರ್‌ವೆಲ್ಲೂ ಬರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರ್ ಕೂಡ. ಕಾವೇರಿ ಬಂದ ದಿನ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣದ ಪ್ರಮಾಣ) ಮೀಟರ್ 200ರ ಆಸುಪಾಸು ತೋರಿಸುತ್ತದೆ. ಬರೀ ಬೋರ್‌ವೆಲ್ ಆದರೆ 900 ದಾಟುತ್ತದೆ, ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಹೇಳಿರುವ ಟಿಡಿಎಸ್ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ ಮಾತ್ರ 2,000ದವರೆಗೆ ಒಪ್ಪಬಹುದು ಅಂತಿದೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ಬೇಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದೆ. ಹಾಗಾದರೆ ಕಾವೇರಿ ಬಂದ ದಿನ ನಮಗೆ ರೋಗಾಣು ಕೊಲ್ಲುವ ಯುವಿ ದೀಪ ಸಾಕು. ಆ ಆಯ್ಕೆ ನಿಮ್ಮ ಮೆಷಿನ್‌ನಲ್ಲಿ ಇದೆಯಂತೆ, ಆದರೆ ಆ್ಯಪ್‌ನಲ್ಲಿ ನಮಗೆ ತೆರೆದಿಲ್ಲ. ಯಾವ ನೀರಾದರೂ ಆರ್‌ಓ ಮೂಲಕವೇ ಹೋಗಬೇಕು, ಒಂದು ಲೀಟರ್ ಕೊಟ್ಟು ಎರಡು ಮೂರು ಲೀಟರ್ ಚೆಲ್ಲಬೇಕು. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ ಊರು ಇದು. ನಾನು ಆ ಚೆಲ್ಲುವ ನೀರನ್ನು ಬಕೆಟ್‌ಗೆ ಹಿಡಿದು ನೆಲ ಒರೆಸುತ್ತೇನೆ, ಬಚ್ಚಲಿಗೆ ಹಾಕುತ್ತೇನೆ. ಆದರೂ ಬಕೆಟ್ ಮಿಗುತ್ತದೆ. ಗೋಡೆ ನಮ್ಮದು, ಕರೆಂಟ್ ನಮ್ಮದು, ನೀರು ನಮ್ಮದು. ಹೇಗೆ ಸೋಸಬೇಕು, ಯಾವಾಗ ಕೊಡಬೇಕು ಅನ್ನುವುದು ಮಾತ್ರ ನಿಮ್ಮ ಕೈಲಿ.

ಇನ್ನು ಆ ಆ್ಯಪ್. ಹಾಕಿಕೊಳ್ಳುವಾಗ ಫೋನಿನಲ್ಲಿರುವ ಎಲ್ಲರ ನಂಬರ್ ನೋಡಲು ಅನುಮತಿ ಕೇಳಿತು. ನೀರು ಸೋಸುವ ಮೆಷಿನ್‌ಗೆ ನನ್ನ ನಾದಿನಿಯ ನಂಬರ್ ಯಾಕೆ ಬೇಕು? ನಾವು ಯಾವ ಹೊತ್ತಿಗೆ ಎಷ್ಟು ನೀರು ಹಿಡಿದೆವು ಅನ್ನುವುದೆಲ್ಲ ಅದರಲ್ಲಿ ದಾಖಲಾಗುತ್ತಿದೆ. ಮನೆ ಖಾಲಿ ಇದ್ದ ದಿನ ಯಾವುದು ಅಂತ ಅದನ್ನು ನೋಡಿದವರಿಗೆ ತಿಳಿಯುತ್ತದೆ. ಇದು ಯಾರ ಬಳಿ ಎಷ್ಟು ದಿನ ಇರುತ್ತದೆ ಅಂತ ಲಿಖಿತವಾಗಿ ತಿಳಿಸಿ.

ಇಂಟರ್ನೆಟ್ ಇಲ್ಲದಿದ್ದರೆ ಸೇವೆ ನಿಲ್ಲಬಹುದು ಅಂತ ಒಪ್ಪಂದದಲ್ಲಿದೆ ಅಂತ ನಿಮ್ಮ ಚಾಟ್‌ನವರು ತೋರಿಸಿದರು. ಹೌದು, ಇದೆ. ಪುಟಗಟ್ಟಲೆ ಇಂಗ್ಲಿಷ್‌ನ ನಡುವೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ಮಾರುವಾಗ ಬಂದವರು ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಬರೆದಿಟ್ಟ ಮಾತ್ರಕ್ಕೆ ಎಲ್ಲ ಷರತ್ತೂ ನಿಲ್ಲುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ಒಪ್ಪಂದ ಅಂದರೇನು ಅಂತ ವಿವರಿಸಿದ್ದಾರೆ. ಗ್ರಾಹಕರ ಮೇಲೆ ನ್ಯಾಯವಲ್ಲದ ಹೊರೆ ಹೊರಿಸುವ ಷರತ್ತು ಅದರಲ್ಲಿ ಬರುತ್ತದೆ. ಬಾಡಿಗೆ ಕಟ್ಟಿದವರ ನೀರನ್ನು ರಸ್ತೆ ಅಗೆದವರ ತಪ್ಪಿಗೆ ನಿಲ್ಲಿಸುವುದು ನ್ಯಾಯ ಅಂತ ನೀವು ಗ್ರಾಹಕ ಆಯೋಗದ ಮುಂದೆ ವಾದಿಸುತ್ತೀರಾ? ಕೇಳಲು ನನಗೂ ಕುತೂಹಲ ಇದೆ.

ನನಗೆ ಬೇಕಾದದ್ದನ್ನು ಹೇಳಿಬಿಡುತ್ತೇನೆ. ಇಂಟರ್ನೆಟ್ ಹೋದರೂ, ಬಾಡಿಗೆ ಕಟ್ಟಿರುವ ಅವಧಿ ಮುಗಿಯುವವರೆಗೆ ನೀರು ಬರುವ ಹಾಗೆ ಮೆಷಿನ್‌ನ ಸಾಫ್ಟ್‌ವೇರ್ ಬದಲಾಯಿಸಿ. ಮೂರು ತಿಂಗಳ ಹಣ ಬಂದಿದೆ ಅಂತ ಒಂದು ತಾರೀಖು ನೆನಪಿಟ್ಟುಕೊಳ್ಳಲು ಆ ಮೆಷಿನ್‌ನ ಚಿಪ್‌ಗೆ ಆಗದ್ದೇನಲ್ಲ. ಕಾವೇರಿ ದಿನಕ್ಕೆ ಆರ್‌ಓ ಬಿಟ್ಟು ಯುವಿ ಮಾತ್ರ ಬಳಸುವ ಆಯ್ಕೆ ತೆರೆಯಿರಿ. ನೀರು ನಿಂತಿದ್ದ ದಿನಗಳ ಬಾಡಿಗೆ ವಾಪಸ್ ಕೊಡಿ. ಮುಚ್ಚಿದ ದೂರುಗಳನ್ನು ಮತ್ತೆ ತೆರೆದು, ಬಗೆಹರಿದಿಲ್ಲ ಅಂತ ದಾಖಲಿಸಿ. ಆ ಕಬ್ಬಿಣದ ಕಡ್ಡಿಯ ಪ್ರದರ್ಶನ ಇನ್ನು ಯಾರ ಮನೆಯಲ್ಲೂ ಬೇಡ.

ಇದೆಲ್ಲ ಆಗುವುದಿಲ್ಲ ಅನ್ನುವುದಾದರೆ ನನ್ನ ಅಭ್ಯಂತರ ಇಲ್ಲ. ಡೆಪಾಸಿಟ್ ಮತ್ತು ಉಳಿದ ಅವಧಿಯ ಬಾಡಿಗೆ ಪೂರ್ತಿ ವಾಪಸ್ ಹಾಕಿ ಮೆಷಿನ್ ತಗೊಂಡು ಹೋಗಿ. ನಡುವೆ ಬಿಟ್ಟರೆ ಕಡಿತ ಇದೆ ಅನ್ನುವ ಮಾತು ನನ್ನ ಹತ್ತಿರ ಬೇಡ, ಸೇವೆ ಬಿಟ್ಟದ್ದು ನೀವು. ಈ ಪತ್ರ ತಲುಪಿದ 15 ದಿನಗಳಲ್ಲಿ ಲಿಖಿತ ಉತ್ತರ ಬರಬೇಕು. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ, ಅಲ್ಲಿಂದ ಗ್ರಾಹಕ ಆಯೋಗ. ನಿಮ್ಮ ಹೆಡ್ ಆಫೀಸ್ ಎಲ್ಲೇ ಇರಲಿ, ನಾನು ವಾಸ ಇರುವ ಊರಲ್ಲೇ ಕೇಸು ಹಾಕಬಹುದು. 5 ಲಕ್ಷದ ಒಳಗಿನ ದೂರಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ. ನಿವೃತ್ತಳಾದವಳಿಗೆ ಸಮಯಕ್ಕೇನೂ ಕೊರತೆ ಇಲ್ಲ.

ರಸೀದಿಗಳು, ಕೆಂಪು ದೀಪದ ಫೋಟೋ, ದೂರು ಬಗೆಹರಿದಿದೆ ಅಂತ ನೀವು ಕಳಿಸಿದ ಮೆಸೇಜ್‌ಗಳು, ಚಾಟ್‌ನ ಪ್ರತಿ ಇವನ್ನೆಲ್ಲ ಈ ಪತ್ರದ ಜೊತೆ ಲಗತ್ತಿಸಿದ್ದೇನೆ.

ಮೆಷಿನ್ ಬಿಚ್ಚಲು ಕಳಿಸುವುದಾದರೆ ಮೊದಲೇ ಫೋನ್ ಮಾಡಿ, ಕನ್ನಡದಲ್ಲಿ. ಮಧ್ಯಾಹ್ನ ಎರಡರಿಂದ ನಾಲ್ಕು ಅತ್ತೆ ಮಲಗುತ್ತಾರೆ, ಆ ಹೊತ್ತು ಬೇಡ. ಗೋಡೆಗೆ ಕೊರೆದ ತೂತುಗಳಿಗೆ ಬಿಳಿ ಸಿಮೆಂಟ್ ಹಾಕಿ ಮುಚ್ಚಿಯೇ ಹೋಗಬೇಕು. ಒಟಿಪಿ ಅದಾದ ಮೇಲೆ.

ಇಂತಿ,
ನಿಮ್ಮ ಗ್ರಾಹಕಿ,
ಬಸವೇಶ್ವರನಗರ, ಬೆಂಗಳೂರು